ಅಡುಗೆಯವನಿಗೆ ಕಳಿಸಿದ ತುತ್ತು

ನನ್ನ ಮೊಮ್ಮಗಳು ಗುಬ್ಬಿ ಒಬ್ಬ ಅಡುಗೆಯವನನ್ನು ಮೆಚ್ಚಿಕೊಂಡಿದ್ದಳು. ಸುದ್ದಿ ಕೇಳಿದ ನನ್ನ ಮಗ ಮನೆಯ ಸೂರು ಹಾರಿಹೋಗುವ ಹಾಗೆ ಕೂಗಾಡಿದ. ಕೊನೆಗೆ ಗಂಟಲು ಕಟ್ಟಿ, "ಅಮ್ಮ ನೋಡ್ಕೊಂಡು ಬರ್ಲಿ. ಅವಳು ಹೂಂ ಅಂದ್ರೆ ನಂದೂ ಹೂಂ" ಎಂದ. ಅವತ್ತಿನಿಂದ ಗುಬ್ಬಿ ನನ್ನ ಕಾಲು ಒತ್ತಿದ್ದೇ ಒತ್ತಿದ್ದು. ಒತ್ತಿಸಿಕೊಂಡು ನಾನು ಒಂದು ಗೇಣು ಉದ್ದವಾದೆ.

ಅವನು ಕೆಲಸ ಮಾಡುವ ಜಪಾನೀ ಸುಶಿ ಹೋಟೆಲಿಗೆ ಕಾಲಿಟ್ಟರೆ ಅದು ಹೋಟೆಲೋ ಕೆರೆಯ ತಳವೋ ತಿಳಿಯಲಿಲ್ಲ. ಎಲ್ಲೆಲ್ಲೂ ಹಸಿರು ಬೆಳಕು. ಚಂದ್ರ ಬಂದು ಮೊಟ್ಟೆಯಿಟ್ಟು ಹೋದ ಹಾಗೆ ಕಾಗದದ ದೀಪಗಳು ತೂಗುತ್ತಿದ್ದವು. ನಮ್ಮ ಮುಂದೆ ರಬ್ಬರಿನ ಪಟ್ಟಿಯೊಂದು ಹೊಳೆಯಂತೆ ಹರಿಯುತ್ತಿತ್ತು. ಅದರ ಮೇಲೆ ಪುಟ್ಟ ಪುಟ್ಟ ತಟ್ಟೆಗಳು. ಬಡಿಸುವವರಿಲ್ಲ, ಬೇಕಾದ್ದನ್ನು ನಾವೇ ಎತ್ತಿಕೊಳ್ಳಬೇಕು. ಆ ತುದಿಯಲ್ಲಿ ಬಿಳಿ ಟೋಪಿಯ ಹುಡುಗ ಅನ್ನವನ್ನು ಕೂಸಿನ ಬೆನ್ನು ತಟ್ಟುವಂತೆ ತಟ್ಟಿ, ಮೀನಿನ ಹೋಳು ಹೊದಿಸಿ ಮಲಗಿಸುತ್ತಿದ್ದ.

"ಇವನೇನಾ? ಉಫ್ ಅಂದ್ರೆ ಹಾರಿಹೋಗ್ತಾನಲ್ಲೇ!"

"ಮೆಲ್ಲಗೆ ಅಜ್ಜಿ, ಕೇಳಿಸುತ್ತೆ."

"ಕೇಳಿಸ್ಲಿ ಬಿಡು. ಹೊಟ್ಟೆ ಬೆನ್ನಿಗಂಟಿದ ಅಡುಗೆಯವನ್ನ ಇವತ್ತೇ ನೋಡಿದ್ದು."

ನೋಡುತ್ತಾ ನೋಡುತ್ತಾ ಮಂಪರು ಕವಿಯಿತು. ತಟ್ಟೆಗಳು ನಿಂತಿವೆ, ನಾನೂ ಗುಬ್ಬಿಯೂ ಕುರ್ಚಿ ಸಮೇತ ತೇಲುತ್ತಿದ್ದೇವೆ ಅನ್ನಿಸಿತು. ತೀರಿಹೋದ ನಮ್ಮ ಯಜಮಾನರು ಆಚೆ ದಡದಲ್ಲಿ ಕಾಲು ಇಳಿಬಿಟ್ಟು ಕೂತು, "ಏನೇ, ಊಟ ಆಯ್ತಾ?" ಎಂದ ಹಾಗಾಯಿತು.

ಅಷ್ಟರಲ್ಲಿ ಮಾವಿನ ಹೋಳು ಹೊದ್ದ ಎರಡು ಅನ್ನದ ಉಂಡೆಗಳು ಬಂದವು. ತಟ್ಟೆ ಎತ್ತಿಕೊಂಡು ಒಂದನ್ನು ಬಾಯಿಗಿಟ್ಟೆ. ಹುಳಿ, ಸಿಹಿ, ತಂಪು. ಮಂಜಿನಂತೆ ಕರಗಿತು. ನಮ್ಮ ಮನೆಯಲ್ಲೊಂದು ರೂಢಿಯುಂಟು: ರುಚಿ ಹತ್ತಿದರೆ ನಮ್ಮ ತಟ್ಟೆಯಿಂದ ಒಂದು ತುತ್ತು ಅಡುಗೆ ಮಾಡಿದವರಿಗೆ ಹೋಗಬೇಕು. ಬಾಯಿಮಾತಿನ ಹೊಗಳಿಕೆಯಿಂದ ಯಾರ ಹೊಟ್ಟೆ ತುಂಬೀತು? ಉಳಿದದ್ದನ್ನು ತಟ್ಟೆ ಸಮೇತ ಪಟ್ಟಿಯ ಮೇಲಿಟ್ಟು ಬಿಟ್ಟೆ.

ಗುಬ್ಬಿ ಬಿಳಿಚಿಕೊಂಡಳು. "ಅಯ್ಯೋ ಅಜ್ಜೀ! ಎತ್ಕೊಂಡಿದ್ದನ್ನ ವಾಪಸ್ ಇಡೋ ಹಾಗಿಲ್ಲ! ಬೇರೆ ಯಾರಾದ್ರೂ ತಿಂದ್ರೆ ಅವನ ಕೆಲ್ಸಾನೇ ಹೋಗುತ್ತೆ!"

ತಟ್ಟೆ ತೇಲಿಕೊಂಡು ಹೋಗೇ ಹೋಯಿತು. ಮೂರು ಅಂತಸ್ತಿನ ಗಲ್ಲದ ದೊಡ್ಡಮನುಷ್ಯರೊಬ್ಬರು ಅದಕ್ಕೆ ಕೈಚಾಚಿದರು.

"ಅದು ನಿಮ್ದಲ್ಲ ಸ್ವಾಮೀ!" ಎಂದು ಕಿರುಚಿದೆ. ದೀಪಗಳೆಲ್ಲ ಅಲುಗಾಡಿದವು.

ಹುಡುಗ ತಲೆಯೆತ್ತಿದ. ತಟ್ಟೆ ನೋಡಿದ, ಗುಬ್ಬಿಯ ಮುಖ ನೋಡಿದ, ಗುಂಡಿ ಒತ್ತಿದ. ಹೊಳೆ ನಿಂತಿತು. ಜನರ ಕೈಯಲ್ಲಿದ್ದ ಊಟದ ಕಡ್ಡಿಗಳೂ ಗಾಳಿಯಲ್ಲೇ ನಿಂತವು. ಅವನು ನಡೆದು ಬಂದು ತಟ್ಟೆ ಎತ್ತಿಕೊಂಡ.

"ಇದು ಯಾರಿಗಜ್ಜಿ?"

"ನಿಂಗೇ ಕಣಪ್ಪ. ಉಂಡ್ಯಾ ನೀನು?"

"ಇನ್ನೂ ಇಲ್ಲ" ಎಂದವನು ಅಲ್ಲೇ ನಿಂತು, ಕಣ್ಣುಮುಚ್ಚಿ, ನಿಧಾನವಾಗಿ ತಿಂದ.

ಮ್ಯಾನೇಜರ್ ಓಡಿ ಬಂದ. "ಯಾಕಯ್ಯಾ ನಿಲ್ಸಿದ್ದು? ಗಿರಾಕಿಗಳ ಮುಂದೆ ತಿಂತೀಯ ಬೇರೆ!"

ತಪ್ಪು ನನ್ನ ಮೇಲೆ ಹೊರಿಸಿದ್ದರೆ ಹುಡುಗ ಪಾರಾಗುತ್ತಿದ್ದ.

"ನಾನೇ ನಿಲ್ಸಿದ್ದು ಸರ್. ಅಜ್ಜಿ ನಂಗೇಂತ ತುತ್ತು ಕಳ್ಸಿದ್ರು. ಬಿಸಾಕೋಕೆ ಮನಸ್ಸು ಬರ್ಲಿಲ್ಲ."

"ಸರಿ ಸರಿ. ಅಕ್ಕಪಕ್ಕದ ತಟ್ಟೆ ಎಲ್ಲ ತೆಗೆದು ಹೊಸದಾಗಿ ಮಾಡು. ಇನ್ನೊಂದ್ಸಲ ಹೀಗಾದ್ರೆ ನೋಡು!"

ಹುಡುಗ ತಲೆಯಾಡಿಸಿ ತನ್ನ ಜಾಗಕ್ಕೆ ಹೋದ. ಹೊಳೆ ಮತ್ತೆ ಹರಿಯಿತು.

ಗುಬ್ಬಿ ಉಗುರು ಕಚ್ಚುತ್ತಿದ್ದಳು. "ಎಲ್ಲಾ ಕೆಡಿಸ್ದೆ. ಈಗ ಅಪ್ಪಂಗೆ ಏನ್ ಹೇಳ್ತೀಯ?"

"ಫೋನ್ ಕೊಡೇ ಇಲ್ಲಿ."

ಆ ಕಡೆಯಿಂದ ಮಗ ಕೇಳಿದ. "ಹೇಗಿದಾನಮ್ಮ?"

"ಒಣಗಿದ ಕಡ್ಡಿ ಕಣೋ. ಊರಿಗೆಲ್ಲ ಉಣಿಸ್ತಾನೆ, ಇಲ್ಲಿ ಅವನಿಗೆ ಉಣಿಸೋರು ಯಾರೂ ಇದ್ದಂಗಿಲ್ಲ. ಭಾನುವಾರ ಊಟಕ್ಕೆ ಕರಿ. ಅವರಪ್ಪ ಅಮ್ಮನ್ನೂ ಕರಿ."

ಗುಬ್ಬಿ ನನ್ನ ಹೆಗಲಲ್ಲಿ ಮುಖ ಹುದುಗಿಸಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಕಾಣೆ, ನನ್ನ ಸೆರಗಂತೂ ಹಿಂಡಿದರೆ ಒಂದು ಕೊಡ ನೀರು.