ಹುಲ್ಲಪ್ಪನ ಕರಿ ಕಂಬಳಿ

ಬಾದಾಮಿಯಿಂದ ಮಹಾಕೂಟಕ್ಕೆ ಹೋಗುವ ಗುಡ್ಡದ ಕಾಲುದಾರಿಯಲ್ಲಿ ಪ್ರವಾಸಿಗರಿಗೆ ಹಕ್ಕಿ, ಗಿಡ, ಪ್ರಾಣಿ ತೋರಿಸುವುದು ಸೋಮಲಿಂಗನ ಕೆಲಸ. ಕರಡಿಗೂ ಹೆದರದ ಈ ಆಸಾಮಿ ಹೆಜ್ಜೇನಿಗೆ ಮಾತ್ರ ನಡುಗುತ್ತಿದ್ದ. ನಡುಗದೇ ಏನು ಮಾಡಿಯಾನು? ಎಂಟು ವರ್ಷದ ಹಿಂದೆ ಕುರಿ ಮೇಯಿಸಲು ಹೋದ ಅಪ್ಪ ಹುಲ್ಲಪ್ಪ ಇಲ್ಲಿಯೇ ಹೆಜ್ಜೇನು ಕಡಿದು ಸತ್ತಿದ್ದ. ಹೆಣದ ಪಕ್ಕದಲ್ಲಿ ಅವನ ಕರಿ ಕಂಬಳಿ ಬಿದ್ದಿತ್ತು.

"ಹೊತ್ಕೊಂಡಿದ್ರ ಉಳೀತಿದ್ದ. ಮುಂಜಾನಿ ನಾನಽ ಹೆಗಲಿಗೆ ಹಾಕಿ ಕಳಿಸಿದ್ದೆ," ಎಂದು ಅವ್ವ ಸಾವಂತ್ರವ್ವ ಇಂದಿಗೂ ಹೇಳುತ್ತಾಳೆ. ಆ ಮಾತೇ ಅವಳಿಗೆ ಆಸರೆ. ಬೀರಪ್ಪನ ಗುಡಿಯಲ್ಲಿ ಭಂಡಾರದ ಅರಿಶಿನ ಹಚ್ಚಿಸಿ ಆ ಕಂಬಳಿಯನ್ನು ಮಗನ ಹೆಗಲಿಗೆ ಹಾಕಿದವಳೂ ಅವಳೇ. ಕಪ್ಪು ಉಣ್ಣೆ ಕಂಡರೆ ಹೆಜ್ಜೇನು ಕರಡಿ ಎಂದು ಮೇಲೆ ಬೀಳುತ್ತದೆಂದು ಗೈಡುಗಳ ತರಬೇತಿಯಲ್ಲಿ ಯಾರೋ ಹೇಳಿದಾಗ ಸೋಮಲಿಂಗ ನಕ್ಕುಬಿಟ್ಟಿದ್ದ. ಕುರುಬರ ಮಗನಿಗೆ ಕಂಬಳಿಯ ಪಾಠ ಹೇಳಲು ಬಂದಾನೆ, ದೊಡ್ಡ ಮನುಷ್ಯ!

ಆ ದಿನ ಬಂದವರು ಇಬ್ಬರೇ. ಗದಗಿನ ನಿವೃತ್ತ ಮೇಷ್ಟ್ರು ಗುರಲಿಂಗಪ್ಪ, ಅವರ ಮಗಳು ವಿದ್ಯಾ. ಮೇಷ್ಟ್ರಿಗೆ ಮೊಣಕಾಲು ನೋವು, ಕೋಲೂರಿ ನಡೆಯುತ್ತಿದ್ದರು. ಕೆಂಪು ಬಂಡೆಯ ಕೆಳಗೆ ಬಂದಾಗ ಸೋಮಲಿಂಗ ದನಿ ತಗ್ಗಿಸಿದ.

"ಇಲ್ಲಿ ಮಾತಾಡಬ್ಯಾಡ್ರಿ. ಮ್ಯಾಲ ಆರು ಜೇನುಹುಟ್ಟು ಅದಾವು."

ಅಷ್ಟರಲ್ಲಿ ಒಂದು ಗಿಡುಗ ಎಲ್ಲಿಂದಲೋ ಎರಗಿ ಬಂದು ಜೇನುಹುಟ್ಟಿಗೆ ಕಾಲು ಹಾಕಿತು. ವಿದ್ಯಾ ಖುಷಿಯಿಂದ ಕ್ಯಾಮೆರಾ ಎತ್ತಿದಳು. ಗಿಡುಗ ಹಾರಿಹೋಯಿತು, ಜೇನು ಕೆಳಗಿಳಿಯಿತು.

ಮೇಷ್ಟ್ರು ಓಡುವ ಹಾಗಿರಲಿಲ್ಲ. "ಕುಂದರ್ರಿ! ಅಲ್ಲಾಡಬ್ಯಾಡ್ರಿ!" ಎಂದು ಕೂಗಿ ಸೋಮಲಿಂಗ ಇಬ್ಬರ ಮೇಲೂ ಕಂಬಳಿ ಹೊದಿಸಿದ. ತಾನು ಮುಖಕ್ಕೆ ಬಿಳಿ ಟವೆಲ್ಲು ಸುತ್ತಿಕೊಂಡು ಅಲ್ಲೇ ಬೋರಲು ಬಿದ್ದ. ಒಂದೆರಡು ಕಡಿದವು. ಆಮೇಲೆ ಯಾಕೋ ಒಂದೂ ಹತ್ತಿರ ಬರಲಿಲ್ಲ. ಬೀರಪ್ಪಾ, ಕಾಪಾಡಿದಿ ಎಂದುಕೊಂಡು ಟವೆಲ್ಲು ಸರಿಸಿ ನೋಡಿದ.

ಇಡೀ ಹಿಂಡು ಕಂಬಳಿಯ ಮೇಲಿತ್ತು. ಕಂಬಳಿ ಕುದಿಯುವ ಅಂಬಲಿಯಂತೆ ಕದಲುತ್ತಿತ್ತು.

"ಅಣ್ಣಾರ, ಒಳಗ ಬರಾಕತ್ತಾವ್ರಿ! ಅಪ್ಪಾಜಿಗೆ ಕಡ್ಯಾಕತ್ತಾವು!" ವಿದ್ಯಾ ಒಳಗಿನಿಂದ ಚೀರಿದಳು.

ಅಪ್ಪ ಕಂಬಳಿ ಹೊದ್ದೇ ಇದ್ದ. ಹೊದ್ದದ್ದಕ್ಕೇ ಸತ್ತಿದ್ದ. ತಾಳಲಾರದೆ ಕೊನೆಗೆ ಕಿತ್ತೆಸೆದಿದ್ದ. ಇದು ಹೊಳೆದದ್ದೇ ಸೋಮಲಿಂಗನಿಗೆ ಆ ಕಂಬಳಿ ಮುಟ್ಟಲಾರೆ ಎನಿಸಿತು. ಇಲ್ಲೇ ಬಿದ್ದುಕೊಂಡಿದ್ದರೆ ತಾನಂತೂ ಉಳಿಯುತ್ತೇನೆ ಎಂದೂ ಎನಿಸಿತು, ಸುಳ್ಳು ಯಾಕೆ ಹೇಳಬೇಕು! ಮೇಷ್ಟ್ರು ನರಳಿದ್ದು ಕೇಳಿಸಿತು. ಅವನು ತೆವಳಿ ಹೋಗಿ ಕಂಬಳಿಯನ್ನು ಎಳೆದುಕೊಂಡ.

"ಅಕ್ಕಾರ, ನಿಮ್ಮ ದುಪಟ್ಟಾ ಮಾರಿ ಮ್ಯಾಲ ಹಾಕ್ಕೊಂಡು ಇಬ್ಬರೂ ಸುಮ್ನ ಮಲಕೋರಿ!"

ತಲೆಯ ಮೇಲೆ ಕಂಬಳಿ ಹೊತ್ತು ಕಲ್ಲು ಮುಳ್ಳು ನೋಡದೆ ಓಡಿದ. ಹಿಂಡೆಲ್ಲ ಅವನ ಬೆನ್ನು ಹತ್ತಿತು. ಕಿವಿಯಲ್ಲಿ, ತುಟಿಯಲ್ಲಿ ಬೆಂಕಿ. ದೂರದ ಜಾಲಿ ಕಂಟಿಯ ಮೇಲೆ ಕಂಬಳಿ ಎಸೆದು ಬಂಡೆಯ ಸಂದಿಯಲ್ಲಿ ನುಸುಳಿ ಉಸಿರು ಬಿಗಿಹಿಡಿದ. ಜೇನು ಕಂಬಳಿಯನ್ನೇ ಕಡಿಯುತ್ತ ಉಳಿಯಿತು.

ಬಾದಾಮಿಯ ದವಾಖಾನೆಯಲ್ಲಿ ಮೇಷ್ಟ್ರು ಸಂಜೆಗೆ ಕಣ್ಣು ಬಿಟ್ಟು ಮಾತಾಡಿದರು. ಸೋಮಲಿಂಗ ಊದಿದ ಮುಖ ಹೊತ್ತು ಮನೆಗೆ ಬಂದ. ಸಾವಂತ್ರವ್ವ ಅಳುತ್ತಲೇ ಕಡಿದಲ್ಲೆಲ್ಲ ಸುಣ್ಣ ಹಚ್ಚತೊಡಗಿದಳು. ಬರಿದಾದ ಹೆಗಲು ಆಮೇಲೆ ಕಣ್ಣಿಗೆ ಬಿತ್ತು.

"ಕಂಬಳಿ ಎಲ್ಲೋ?"

"ಗುಡ್ಡದಾಗ ಉಳೀತವ್ವ."

"ನಿಮ್ಮಪ್ಪನಂಗ ನೀನೂ ಹೊತ್ಕೊಳ್ಳಲಿಲ್ಲೇನೋ?"

ಅವಳ ಬೆರಳು ಅವನ ಕೆನ್ನೆಯ ಮೇಲೆ ನಿಂತಿತ್ತು. ಆ ಕಂಬಳಿ ಅಪ್ಪನ ಹೆಗಲೇರಿದ್ದು ಇದೇ ಕೈಯಿಂದ. ಬಂಡೆಯ ಕೆಳಗೂ ಅವನಿಗೆ ಇಷ್ಟು ಹೆದರಿಕೆಯಾಗಿರಲಿಲ್ಲ.

"ಇಲ್ಲವ್ವ, ಹೊತ್ಕೊಳ್ಳಲಿಲ್ಲ," ಎಂದ.

"ನಾಳೆ ಹೋಗಿ ತಗೊಂಡ್ ಬಾ. ಅದು ಮೈಮ್ಯಾಲ ಇಲ್ದಽ ಗುಡ್ಡ ಹತ್ತಬ್ಯಾಡ," ಎಂದು ಅವಳು ಮತ್ತೆ ಸುಣ್ಣ ಹಚ್ಚತೊಡಗಿದಳು.