ಶನಿವಾರದ ಎಣ್ಣೆ

ಕಟಕೋಳದ ಇತಿಹಾಸದಲ್ಲಿ ಕಿರಾಣಿ ತರಲು ಯಾರೂ ಇಷ್ಟು ಗಂಭೀರವಾಗಿ ಸಿದ್ಧರಾಗಿರಲಿಲ್ಲ ಎಂಬುದನ್ನು ಮೊದಲೇ ದಾಖಲಿಸಬೇಕು. ಭಾನುವಾರ ಮುಂಜಾನೆಯೇ ಚೊಚ್ಚಲ ಬಸುರಿ ನಾದಿನಿಯ ಕುಬಸ, ಅಂದರೆ ಸೀಮಂತ. ಅದರ ಸಾಮಾನು ತರುವುದು, ಸೊಸೆ ಶಿವಾನಿಯನ್ನು ನಂಬಿ ಮನೆಯವರು ಒಪ್ಪಿಸಿದ ಮೊದಲ ಕೆಲಸ. ರಾಮದುರ್ಗದಲ್ಲಿ ಬಸ್ಸಿಳಿದು ದೂರದ ಅಂಗಡಿಯಿಂದ ಶುರು ಮಾಡಬೇಕು, ಭಾರದ ಸಾಮಾನು ಕೊನೆಗೆ ಬಸ್‌ಸ್ಟ್ಯಾಂಡಿನ ಹತ್ತಿರ, ಕೊತ್ತಂಬರಿ ಎಲ್ಲದರ ಮೇಲೆ: ಇದು ಶಿವಾನಿಯ ಯೋಜನೆ. ಅತ್ತೆ ಕೆಂಚವ್ವ ಚೀಲ ಹಿಡಿದು ಹಿಂದಿನಿಂದ ಖುಷಿಯಾಗಿಯೇ ನಡೆದಳು.

ಕೊನೆಯ ಅಂಗಡಿಯಲ್ಲಿ ಶಿವಾನಿ ಎಣ್ಣೆ ಡಬ್ಬಿಗೆ ಕೈ ಹಾಕಿದಳು.

"ಅಯ್ಯ, ಇವತ್ತ ಶನಿವಾರ! ಎಣ್ಣಿ ಮನಿಗೆ ತರಬಾರದವಾ."

"ಮುಂಜಾನೆ ಹೇಳಬಾರದೇನ್ರಿ ಅತ್ತಿ?"

"ಎಲ್ಲಾ ವಿಚಾರ ಮಾಡೀದಿ ಅಂತ ನಾ ಸುಮ್ನಿದ್ದೆ."

ಬೆಲ್ಲ, ಪುಟಾಣಿ, ಗೋಧಿ ಹಿಟ್ಟು ಬಂದವು. ಕರಿಗಡಬು ಕರಿಯಲು ಎಣ್ಣೆ ಬರಲಿಲ್ಲ. ಬಸ್ಸಿನಲ್ಲಿ ಶಿವಾನಿ ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಂಡಳು.

ಪಕ್ಕದ ಮನೆಯ ಕೃಷ್ಣವ್ವ ಸುದ್ದಿ ಕೇಳಿ ಮನಸಾರೆ ನಕ್ಕು, ತನ್ನ ಒಲೆಯ ಮೇಲೆ ಬಾಣಲೆ ಇಟ್ಟಳು. "ಕಣಕ ಇಲ್ಲೇ ತರ್ರಿ. ನನ್ನ ಎಣ್ಣಿ ನನ್ನ ಮನ್ಯಾಗ ಇರತೈತಿ, ನಿಮ್ಮ ಹೊಸ್ತಲಾ ದಾಟೂದು ಬರೇ ಕಡಬು. ಅದಕ್ಕೂ ಶನಿದೇವರ ತಕರಾರ ಐತೇನ ಕೆಂಚವ್ವಾ?"

ಕೆಂಚವ್ವ ಈ ಧರ್ಮಸೂಕ್ಷ್ಮವನ್ನು ಅರೆಗಳಿಗೆ ತೂಗಿ ನೋಡಿ, "ಇಲ್ಲ ಬಿಡು" ಎಂದಳು.

ಶಿವಾನಿ ಕೃಷ್ಣವ್ವನ ಎರಡೂ ಕೈ ಹಿಡಿದುಕೊಂಡಳು. "ನಿಮ್ಮಿಂದ ನನ್ನ ಮಾನ ಉಳೀತ್ರಿ ಕಾಕಿ."

"ಅದೆಲ್ಲಾ ಆಮ್ಯಾಲ. ಮೊದಲ ಕೈ ಬಿಡು, ಲಟ್ಟಣಿಗಿ ಹಿಡಿ."

ಭಾನುವಾರ ಕುಬಸ ಆಯಿತು. ಕಡಬು ಎಲ್ಲರಿಗೂ ಸಾಕಾದವು.