ಕುರ್ಚಿಯಣ್ಣನ ಒಂದೇ ತಪ್ಪು

ಮಗು ಈಗಷ್ಟೇ ನಿದ್ದೆಹೋದ ಕೋಣೆಯಿಂದ ಹೊರಬರುವ ತಾಯಿಯ ಹಾಗೆ ಜೀವಮಾನವಿಡೀ ನಡೆದ ಗಂಡಸೊಬ್ಬರನ್ನು ನಾನು ಬಲ್ಲೆ. ಕೆರೆಯ ದಡದ ಆ ವಿಶ್ರಾಂತಿಧಾಮದಲ್ಲಿ ಜಲ್ಲಿ ಹಾಸಿದ ದಾರಿಯಿದೆ. ಉಳಿದವರೆಲ್ಲ ಅದರ ಮೇಲೆ ಕರಕರ ಸದ್ದು ಮಾಡುತ್ತ ನಡೆದರೆ, ಅವರು ಮಾತ್ರ ಅಂಚಿನ ಹುಲ್ಲು ಹಿಡಿದು, ಕೊಂಚ ಓರೆಯಾಗಿ, ಬೆಕ್ಕಿನ ಹೆಜ್ಜೆ ಇಡುತ್ತ ಬರುತ್ತಾರೆ. ಮೈಮೇಲೆ ಮೊಣಕಾಲಿನವರೆಗೆ ಇಳಿಬಿದ್ದ ಕಂದು ಕೋಟು. ಜೇಬುಗಳ ತುಂಬ ಕೋಣೆಗಳ ಬೀಗದ ಕೈಗಳು. ಒಂದಕ್ಕೊಂದು ತಾಗಿ ಸದ್ದಾಗದಿರಲೆಂದು ಪ್ರತಿಯೊಂದಕ್ಕೂ ಹಳೆಯ ಬಟ್ಟೆಯ ಸುತ್ತು. ಧಾಮದ ಕೋಣೆಗಳ ಉಸ್ತುವಾರಿ ಅವರ ಉದ್ಯೋಗ, ಅತಿಥಿಗಳು ಇಟ್ಟ ಹೆಸರು ಕುರ್ಚಿಯಣ್ಣ.

‘ಅದಕ್ಕೇನಂತೆ’ ಎಂಬುದು ಅವರ ಮಾತಿನ ಊರುಗೋಲು. ಬಿಸಿನೀರು ಬರುತ್ತಿಲ್ಲವೆಂದರೆ, “ಅದಕ್ಕೇನಂತೆ, ಕಾಯಿಸಿ ತರ್ತೀನಿ.” ಫೋನು ಹತ್ತುತ್ತಿಲ್ಲವೆಂದು ದೊಡ್ಡ ಅಧಿಕಾರಿಯೊಬ್ಬರು ಕೂಗಾಡಿದಾಗಲೂ ಅದೇ: “ಅದಕ್ಕೇನಂತೆ ಸ್ವಾಮಿ, ಇವತ್ತೊಂದಿನ ನಿಮ್ಮನ್ನ ಯಾರೂ ಬಯ್ಯೋಕಾಗಲ್ಲ.”

ಆದರೆ ಕುರ್ಚಿಗಳ ವಿಷಯಕ್ಕೆ ಬಂದರೆ ಆ ಸೌಮ್ಯಮೂರ್ತಿ ಹಿಡಿದ ಹಟ ಬಿಡುವವರಲ್ಲ. ದೊಡ್ಡ ಮರದ ಕೆಳಗೆ ನಲವತ್ತು ಬೆತ್ತದ ಕುರ್ಚಿಗಳಿರುತ್ತವೆ. ಇಬ್ಬನಿಗೆ ಬೆತ್ತ ಕೊಳೆಯುತ್ತದೆಂದು ಸಂಜೆ ಎಲ್ಲವನ್ನೂ ಒಳಗೆ ಹೊತ್ತೊಯ್ದು, ಬೆಳಕು ಹರಿಯುವ ಮುನ್ನ ಮತ್ತೆ ಹೊರಗೆ ತಂದು, ಹಿಂದಿನ ದಿನ ಯಾರ ಕುರ್ಚಿ ಎಲ್ಲಿ, ಯಾವ ಮುಖವಾಗಿ, ಎಷ್ಟು ಓರೆಯಾಗಿ ಇತ್ತೋ ಹಾಗೆಯೇ ಇಡುವುದು ಅವರ ವ್ರತ. ಯಾಕೆಂದು ಕೇಳಿದ್ದಕ್ಕೆ, “ಮಾತು ಅರ್ಧಕ್ಕೆ ನಿಂತಿರುತ್ತೆ ಸ್ವಾಮಿ, ಬೆಳಿಗ್ಗೆ ಬಂದವರಿಗೆ ಬಿಟ್ಟ ಜಾಗದಲ್ಲೇ ಸಿಗಬೇಕಲ್ಲ” ಎಂದಿದ್ದರು. ಸಾಲಾಗಿ ಇಡಬೇಕೆಂದು ಹೊಸ ಮ್ಯಾನೇಜರು ಒಮ್ಮೆ ಆಜ್ಞೆ ಮಾಡಿದ್ದುಂಟು. “ಮುಂದಿನವರ ಬೆನ್ನು ನೋಡೋಕೆ ಇಷ್ಟು ದೂರ ಬರಬೇಕಾ?” ಎಂದು ಇವರು ಕೇಳಿದ ಮೇಲೆ ಆ ಮಹಾಶಯ ಸಾಲಿನ ಸುದ್ದಿ ಎತ್ತಲಿಲ್ಲ.

ಇಷ್ಟು ನಿರಹಂಕಾರಿಗೂ ಒಂದು ಹೆಮ್ಮೆಯಿತ್ತು. ಬಂದ ಅತಿಥಿಗಳಿಗೆಲ್ಲ ಕೋಣೆ ತೋರಿಸುವ ಮೊದಲೇ ಹೇಳುತ್ತಿದ್ದರು: “ಇಪ್ಪತ್ತಾರು ವರ್ಷ ಆಯ್ತು, ಒಂದು ಕುರ್ಚಿ ತಪ್ಪಿಲ್ಲ.”

ನಮ್ಮ ದೊಡ್ಡಪ್ಪ-ಚಿಕ್ಕಪ್ಪಂದಿರ ಮಕ್ಕಳೆಲ್ಲ ಅಲ್ಲಿ ಎರಡು ದಿನ ಸೇರಿದ್ದೆವು. ನನ್ನ ಅಕ್ಕನೂ ಬಂದಿದ್ದಳು. ನಾವಿಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಾನು ಕೆಲಸದ ನೆಪ ಹೇಳಿ ಎರಡು ದಿನ ತಡವಾಗಿ ಹೋದೆ. ಅಪ್ಪ ಆಗಲೇ ಇರಲಿಲ್ಲ. ಅಕ್ಕ ಹತ್ತು ಜನರೆದುರು ಒಂದು ಮಾತಂದಳು, ನಾನು ನಾಲ್ಕು ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ಅವಳು ಮಗಳ ಜೊತೆ ಇರಲು ದೂರದೇಶಕ್ಕೆ ಹೊರಟಿದ್ದಳು. ಮಾತಾಡುವುದಿದ್ದರೆ ಈ ಎರಡು ದಿನದಲ್ಲೇ ಆಡಬೇಕಿತ್ತು. ನನಗೆ ಗೊತ್ತಿತ್ತು, ಆದರೂ ಬಾಯಿಗೆ ಬೀಗ ಬಿದ್ದಿತ್ತು. ಮೊದಲ ದಿನವೆಲ್ಲ ಅವಳ ಕುರ್ಚಿ ಮರದ ನೆರಳಿನ ಈ ತುದಿಗೆ, ನನ್ನದು ಆ ತುದಿಗೆ, ಬೆನ್ನಿಗೆ ಬೆನ್ನು.

ಮರುದಿನ ಬೆಳಿಗ್ಗೆ ನಾನು ತಡವಾಗಿ ಹೋದೆ. ತಡ ನನ್ನ ಹುಟ್ಟುಗುಣ. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಬೆನ್ನುನೋವಿನ ಅಕ್ಕನಿಗೆ ಕೊಟ್ಟಿದ್ದ ಎತ್ತರದ ಬೆನ್ನಿನ ಕುರ್ಚಿ ನಿನ್ನೆಯ ಜಾಗದಲ್ಲೇ ಇತ್ತು. ಅದಕ್ಕೆ ತಾಗಿಕೊಂಡು, ಕೆರೆಗೆ ಮುಖಮಾಡಿ, ಖಾಲಿಯಾಗಿ ನಿಂತಿದ್ದುದು ತೋಳಿಗೆ ನೀಲಿ ದಾರ ಸುತ್ತಿದ ನನ್ನ ಕುರ್ಚಿ.

ಮರದ ಹಿಂದೆ ನಿಂತಿದ್ದ ಕುರ್ಚಿಯಣ್ಣನ ಬಳಿ ಹೋಗಿ, “ನನ್ನ ಕುರ್ಚಿ ಅಲ್ಲಿರಲಿಲ್ಲ” ಎಂದೆ.

ಅವರು ತಲೆ ಕೆರೆದುಕೊಂಡರು. “ಅಯ್ಯೋ, ಹೌದಲ್ಲ! ತಪ್ಪಾಯ್ತು ಸ್ವಾಮಿ, ವಯಸ್ಸಾಯ್ತು. ಈಗ ಎತ್ತಿದ್ರೆ ಸದ್ದಾಗುತ್ತೆ, ಎಲ್ಲರೂ ತಿರುಗಿ ನೋಡ್ತಾರೆ. ಕಾಫಿ ಮುಗಿಯೋವರೆಗೆ ಕೂತಿರಿ, ಆಮೇಲೆ ತೆಗೀತೀನಿ.”

ಕತ್ತಲು ಕರಗುವ ಮುನ್ನ ನಲವತ್ತು ಕುರ್ಚಿಗಳನ್ನು ಒಂದು ಹಕ್ಕಿಯನ್ನೂ ಎಬ್ಬಿಸದೆ ಇಡುವ ಮನುಷ್ಯನಿಗೆ ಒಂದು ಕುರ್ಚಿಯ ಸದ್ದಿನ ಭಯ! ನಾನು ಹೋಗಿ ಕೂತೆ.

ಅಕ್ಕ ಕೆರೆಯನ್ನೇ ನೋಡುತ್ತಿದ್ದಳು. ನಾನು ಸಕ್ಕರೆ ಹಾಕದ ಕಾಫಿ ಕೈಗೆತ್ತಿಕೊಂಡಾಗ, “ಸಕ್ಕರೆ ಬಿಟ್ಟಿದ್ದೀಯಾ?” ಎಂದಳು.

“ಬಿಟ್ಟಿದ್ದೀನಿ ಅಕ್ಕ.”

“ಅಪ್ಪ ಕೊನೆವರೆಗೂ ನಿನ್ನನ್ನೇ ಕೇಳ್ತಿದ್ರು ಕಣೋ.”

“ಗೊತ್ತು. ತಪ್ಪು ನಂದೇ.”

“ಇದನ್ನ ಹೇಳೋಕೆ ಆರು ವರ್ಷ ಬೇಕಾಯ್ತಾ?” ಎಂದು ಅವಳು ಅತ್ತಳು. ನಾನೂ ನಾಚಿಕೆ ಬಿಟ್ಟು ಅತ್ತೆ. ಕಾಫಿ ಯಾವಾಗಲೋ ಮುಗಿದಿತ್ತು. ಕುರ್ಚಿ ತೆಗೆಯಲು ಯಾರೂ ಬರಲಿಲ್ಲ.

ಮರುವರ್ಷ ಅಕ್ಕ ರಜೆಗೆ ಬಂದಾಗ ಇಬ್ಬರೂ ಕೂಡಿಯೇ ಅಲ್ಲಿಗೆ ಹೋದೆವು. ಬಾಗಿಲಲ್ಲಿ ಕುರ್ಚಿಯಣ್ಣ ಹೊಸಬರಿಗೆ ಹೇಳುತ್ತಿದ್ದರು: “ಇಪ್ಪತ್ತೇಳು ವರ್ಷ ಆಯ್ತು. ಒಂದೇ ಒಂದು ಸಲ ತಪ್ಪಿದೆ.” ನನ್ನನ್ನು ಕಂಡವರೇ ಮಾತು ನಿಲ್ಲಿಸಿ, ಬೀಗದ ಕೈ ಹುಡುಕುವವರಂತೆ ಜೇಬಿಗೆ ಕೈಹಾಕಿದರು. ನಾನು ಕೈಮುಗಿದೆ. “ಅದಕ್ಕೇನಂತೆ” ಎಂದರು.

ಪರರಿಗಾಗಿ ದುಡಿಯುವವರು, ನಿದ್ದೆಗೆಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಅವರಿಗೆಲ್ಲ ನಮಸ್ಕಾರ. ಆದರೆ ಬಾಳೆಲ್ಲ ಜತನದಿಂದ ಕಾಪಾಡಿಕೊಂಡ ಒಂದೇ ಹೆಮ್ಮೆಯನ್ನು ಗುರುತಿಲ್ಲದವರ ಸಲುವಾಗಿ ತಾವೇ ಕೆಡಿಸಿಕೊಂಡು, ಆ ಉಪಕಾರಕ್ಕೆ ‘ತಪ್ಪು’ ಎಂದು ಹೆಸರಿಟ್ಟು ನಡೆದುಬಿಡುವವರು ಅಪರೂಪ. ಅಂಥವರಿಗೆ ಧನ್ಯವಾದ ಹೇಳಲು ಸಾಧ್ಯವೇ ಇಲ್ಲ. ಅವರು ಇಟ್ಟ ಜಾಗದಲ್ಲಿ ಹೋಗಿ ಕೂರಬಹುದು, ಅಷ್ಟೆ.